ಗೆರೆ ಬೇರೆ, ಹರಿತ ಬೇರೆ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪದರ ಪದರವಾಗಿ ಬೆಸೆದ ಉಕ್ಕಿನ ಚಾಕು, ಪದರ ಇದೆ ಅನ್ನುವ ಒಂದೇ ಕಾರಣಕ್ಕೆ ಬೇರೆ ಚಾಕುಗಳಿಗಿಂತ ಚೆನ್ನಾಗಿ ಹೆಚ್ಚುವುದಿಲ್ಲ. ಅಲಗಿನ ಮೇಲೆ ಕಾಣುವ ಸುಳಿಸುಳಿಯಾದ ಗೆರೆಗಳು ಚಂದಕ್ಕೆ, ಅಷ್ಟೇ. ಹೀಗಂದರೆ ಅದನ್ನು ಮಾಡುವವರಿಗೆ ಬೇಜಾರಾಗುತ್ತದೆ ಅಂದುಕೊಳ್ಳಬೇಡಿ, ಒಳ್ಳೆಯ ಕಮ್ಮಾರರು ಇದನ್ನು ತಾವೇ ಹೇಳುತ್ತಾರೆ. ಆದರೆ ಆ ಗೆರೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಉಕ್ಕಿನ ವಿಜ್ಞಾನದಲ್ಲಿ ಅರ್ಧ ತಿಳಿದುಬಿಡುತ್ತದೆ. ಉಳಿದ ಅರ್ಧ, ಕಾದ ಅಲಗನ್ನು ಎಣ್ಣೆಗೆ ಅದ್ದುವ ಒಂದೆರಡು ಸೆಕೆಂಡಿನಲ್ಲಿದೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಎರಡು ಬಗೆಯ ಉಕ್ಕಿನ ಪಟ್ಟಿಗಳು ಸಾಕು. ಕೈಯಲ್ಲಿ ಚಾಕು ಬಡಿಯುವವರು ಇವತ್ತು ಹೆಚ್ಚಾಗಿ ಆರಿಸಿಕೊಳ್ಳುವ ಜೋಡಿ 1084 ಮತ್ತು 15ಎನ್20. ಮೊದಲನೆಯದು ಸುಮಾರು ಶೇಕಡಾ 0.84 ಇಂಗಾಲ, ಜೊತೆಗೆ ಸ್ವಲ್ಪ ಮ್ಯಾಂಗನೀಸ್ ಇರುವ ಸಾದಾ ಉಕ್ಕು. ಎರಡನೆಯದರಲ್ಲಿ ಇಂಗಾಲ ಶೇಕಡಾ 0.75ರ ಆಸುಪಾಸು, ಆದರೆ ಅದರಲ್ಲಿ ಶೇಕಡಾ 2ರಷ್ಟು ನಿಕ್ಕಲ್ ಬೆರೆತಿರುತ್ತದೆ. ಮುಂದೆ ಎಲ್ಲ ಆಟ ಆಡಿಸುವುದು ಈ ನಿಕ್ಕಲ್ಲೇ, ನೆನಪಿಟ್ಟುಕೊಳ್ಳಿ. ಪಟ್ಟಿಗಳನ್ನು ಉಜ್ಜಿ ತುಕ್ಕು, ಜಿಡ್ಡು ಎಲ್ಲ ತೆಗೆದು, ಇದೊಂದು ಅದೊಂದು ಅಂತ ಏಳೋ ಒಂಬತ್ತೋ ಪೇರಿಸಿ, ತುದಿಗಳಿಗೆ ಬೆಸುಗೆ ಹಾಕಿ, ಹಿಡಿಯಲು ಒಂದು ಸರಳು ಸೇರಿಸಿ ಕುಲುಮೆಗೆ ಇಡುತ್ತಾರೆ.

ಇಲ್ಲಿ ಉಕ್ಕು ಕರಗಿ ಅಂಟಿಕೊಳ್ಳುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಈ ಉಕ್ಕು ಕರಗಲು ಶುರುವಾಗಬೇಕಾದರೆ 1,350 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಬೆಸೆಯುವ ಕೆಲಸ ನಡೆಯುವುದು 1,200ರ ಆಚೀಚೆ, ಉಕ್ಕು ಹಳದಿಯಾಗಿ ಹೊಳೆಯುವಾಗ. ಅಂದರೆ ಅದು ಆಗಲೂ ಘನವೇ. ಹಾಗಾದರೆ ಅಂಟುವುದು ಹೇಗೆ? ನಿಜವಾಗಿ ಶುದ್ಧವಾದ ಎರಡು ಲೋಹದ ಮೈಗಳು ಪರಮಾಣುಗಳ ಮಟ್ಟದಲ್ಲಿ ಒಂದಕ್ಕೊಂದು ತಾಗಿದರೆ ಅವು ಎರಡಾಗಿ ಉಳಿಯುವುದೇ ಇಲ್ಲ, ನಡುವೆ ಲೋಹದ ಬಂಧ ಕೂಡಿಕೊಂಡುಬಿಡುತ್ತದೆ. ಗಾಳಿಯೇ ಇಲ್ಲದ ಬಾಹ್ಯಾಕಾಶದಲ್ಲಿ ಕಾಯಿಸದೆಯೂ ಹೀಗೆ ಆಗಬಹುದು, ಉಪಗ್ರಹ ಕಟ್ಟುವವರಿಗೆ ಇದೊಂದು ತಲೆನೋವು. ಭೂಮಿಯ ಮೇಲೆ ಹಾಗಾಗದಂತೆ ತಡೆಯುವುದು ಆಮ್ಲಜನಕ. ಕಾದ ಉಕ್ಕಿನ ಮೇಲೆ ಕ್ಷಣದಲ್ಲಿ ಕಿಟ್ಟ ಕಟ್ಟುತ್ತದೆ, ಆ ಕಿಟ್ಟ ನಡುವೆ ನಿಂತರೆ ಬೆಸುಗೆ ಕೂರುವುದಿಲ್ಲ.

ಅದಕ್ಕೇ ಬಿಳಿಗಾರ. ಕಟ್ಟು ಕೆಂಪಗೆ ಕಾದ ಮೇಲೆ ಅದರ ಪಕ್ಕಗಳಿಗೆಲ್ಲ ಬಿಳಿಗಾರದ ಪುಡಿ ಉದುರಿಸುತ್ತಾರೆ. ಅದು 740 ಡಿಗ್ರಿ ಸುಮಾರಿಗೆ ಕರಗಿ ಗಾಜಿನಂಥ ಅಂಟು ದ್ರವವಾಗಿ ಸಂದುಗಳಿಗೆ ಇಳಿಯುತ್ತದೆ, ಕಿಟ್ಟವನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಹೊಸ ಗಾಳಿ ತಾಗದಂತೆ ಮುಚ್ಚುತ್ತದೆ. ಮೊದಲ ಏಟುಗಳು ಹಗುರ. ಜೋರಾಗಿ ಬಡಿದರೆ ಇನ್ನೂ ಕೂಡದ ಪದರಗಳು ಒಂದರ ಮೇಲೊಂದು ಜಾರುತ್ತವೆ. ನಡುವಿನಿಂದ ಅಂಚಿನ ಕಡೆಗೆ ಒತ್ತಿಕೊಂಡು ಹೋದಂತೆ, ಕುದಿಯುವ ಬಿಳಿಗಾರ ಕಿಟ್ಟವನ್ನೂ ಹೊತ್ತುಕೊಂಡು ಪಕ್ಕಗಳಿಂದ ಚಿಮ್ಮುತ್ತದೆ. ಎದುರಿಗೆ ನಿಂತವರು ಚರ್ಮದ ಮುಂಗವಸು ಹಾಕದಿದ್ದರೆ ಕಥೆ ಮುಗಿಯಿತು.

ಬೆಸುಗೆ ಎಲ್ಲಾ ಕಡೆ ಕೂತಿದೆಯಾ ಇಲ್ಲವಾ ಅಂತ ತಿಳಿಯುವ ಉಪಾಯ ನನಗೆ ಬಹಳ ಇಷ್ಟ. ಕಟ್ಟನ್ನು ಕುಲುಮೆಯಿಂದ ಹೊರಗೆ ತೆಗೆದು ಸುಮ್ನೆ ನೋಡುತ್ತಾ ಇರಬೇಕು. ಎಲ್ಲ ಒಂದಾಗಿದ್ದರೆ ಅದು ಒಂದೇ ಸಮನೆ ತಣಿಯುತ್ತದೆ. ಎಲ್ಲೋ ಒಂದು ಪದರ ಕೂಡದೆ ಉಳಿದಿದ್ದರೆ ಒಳಗಿನ ಬಿಸಿ ಆ ಸಂದು ದಾಟಿ ಬರುವುದು ಕಷ್ಟ, ಹಾಗಾಗಿ ಮೇಲಿನ ತೆಳು ಪದರ ಅಲ್ಲಿ ಮಾತ್ರ ಬೇಗ ತಣಿದು ಕಪ್ಪು ನೆರಳಿನಂತೆ ಕಾಣುತ್ತದೆ. ಯಾವ ಉಪಕರಣವೂ ಬೇಡ.

ಆಮೇಲೆ ಎಳೆದು ಉದ್ದ ಮಾಡುವುದು, ಕಡಿಯುವುದು, ಒಂದರ ಮೇಲೊಂದು ಇಟ್ಟು ಮತ್ತೆ ಬೆಸೆಯುವುದು. ಪ್ರತಿ ಸಲವೂ ಪದರ ಎರಡರಷ್ಟಾಗುತ್ತದೆ. ಏಳರಿಂದ ಶುರು ಮಾಡಿದರೆ 14, 28, 56, 112, 224. ಪ್ರತಿ ಸಲ ಕಾಯಿಸಿದಾಗಲೂ ಸ್ವಲ್ಪ ಉಕ್ಕು ಕಿಟ್ಟವಾಗಿ ಉದುರಿ ಹೋಗುತ್ತದೆ, ಕೊನೆಗೆ ಉಳಿಯುವ ತುಂಡು ಶುರು ಮಾಡಿದ್ದಕ್ಕಿಂತ ಚೆನ್ನಾಗಿಯೇ ಸಣ್ಣದಿರುತ್ತದೆ.

ಲಕ್ಷಗಟ್ಟಲೆ ಪದರದ ಕತ್ತಿಗಳ ಕಥೆ ಕೇಳಿರುತ್ತೀರಿ ಅಲ್ವಾ? ಒಂದು ಚಿಕ್ಕ ಲೆಕ್ಕ ಹಾಕಿ ನೋಡೋಣ. ಒಂದು ಪದರದಿಂದ ಶುರು ಮಾಡಿ 20 ಸಲ ಮಡಚಿದರೆ 10 ಲಕ್ಷ ದಾಟುತ್ತದೆ. 3 ಮಿಲಿಮೀಟರ್ ದಪ್ಪದ ಅಲಗಿನಲ್ಲಿ ಅಷ್ಟೂ ಪದರ ಇರಬೇಕಾದರೆ ಒಂದೊಂದರ ದಪ್ಪ 3 ನ್ಯಾನೋಮೀಟರ್‌ಗಿಂತ ಕಡಿಮೆ, ಅಂದರೆ ಸುಮಾರು ಹತ್ತು ಹನ್ನೆರಡು ಕಬ್ಬಿಣದ ಪರಮಾಣುಗಳಷ್ಟು. ಅದನ್ನು ಪದರ ಅನ್ನುವುದೇ ತಮಾಷೆ. ಮಡಚಿದ್ದು ನಿಜ ಇರಬಹುದು, ಪದರ ಉಳಿದಿರುವುದಿಲ್ಲ.

ಯಾಕೆ ಉಳಿಯುವುದಿಲ್ಲ ಅನ್ನುವುದರಲ್ಲೇ ನಮ್ಮ ಗೆರೆಯ ಗುಟ್ಟಿದೆ. ಕಾದ ಉಕ್ಕಿನೊಳಗೆ ಪರಮಾಣುಗಳು ಸುಮ್ಮನೆ ಕೂರುವುದಿಲ್ಲ. ಇಂಗಾಲದ ಪರಮಾಣು ಚಿಕ್ಕದು, ಕಬ್ಬಿಣದ ಪರಮಾಣುಗಳ ಸಂದಿನಲ್ಲೇ ನುಸುಳಿ ಓಡಾಡುತ್ತದೆ. 1,100 ಡಿಗ್ರಿಯಲ್ಲಿ ಅದು ಒಂದು ನಿಮಿಷಕ್ಕೆ ಹೆಚ್ಚುಕಡಿಮೆ 80 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್), ಹತ್ತು ನಿಮಿಷಕ್ಕೆ ಕಾಲು ಮಿಲಿಮೀಟರ್ ಹರಡಿಕೊಳ್ಳಬಲ್ಲದು. ಪದರಗಳು ಅದಕ್ಕಿಂತ ತೆಳುವಾದ ಕೂಡಲೇ, ಒಂದರಲ್ಲಿ ಇಂಗಾಲ ಜಾಸ್ತಿ ಇನ್ನೊಂದರಲ್ಲಿ ಕಡಿಮೆ ಅನ್ನುವ ಮಾತೇ ಉಳಿಯುವುದಿಲ್ಲ, ಎಲ್ಲ ಕಡೆ ಸಮ ಆಗಿಬಿಡುತ್ತದೆ. ಗಡಸು ಪದರ ಹರಿತ ಕೊಡುತ್ತದೆ, ಮೆದು ಪದರ ಮುರಿಯದಂತೆ ಕಾಯುತ್ತದೆ ಅಂತ ಹೇಳಿ ಇಂಥ ಚಾಕು ಮಾರುವವರಿದ್ದಾರೆ. ಇಂಗಾಲಕ್ಕೆ ಆ ಮಾತು ಗೊತ್ತಿಲ್ಲ.

ನಿಕ್ಕಲ್ ಕಥೆಯೇ ಬೇರೆ. ಅದು ಕಬ್ಬಿಣದಷ್ಟೇ ದೊಡ್ಡ ಪರಮಾಣು, ಸಂದಿನಲ್ಲಿ ನುಸುಳಲು ಆಗುವುದಿಲ್ಲ, ಪಕ್ಕದಲ್ಲಿ ಒಂದು ಜಾಗ ಖಾಲಿಯಾದಾಗ ಮಾತ್ರ ಸರಿಯಬೇಕು. ಇಂಗಾಲಕ್ಕಿಂತ ಹತ್ತಾರು ಸಾವಿರ ಪಟ್ಟು ನಿಧಾನ. ಕುಲುಮೆಯಲ್ಲಿ ಒಟ್ಟು ಒಂದು ಗಂಟೆ ಕಾದರೂ ಅದು ದಾಟುವುದು ಕೆಲವೇ ಮೈಕ್ರಾನ್. ಹಾಗಾಗಿ ಇಂಗಾಲ ಸಮವಾದ ಮೇಲೂ ನಿಕ್ಕಲ್ ತಾನಿದ್ದ ಪದರದಲ್ಲೇ ಉಳಿಯುತ್ತದೆ. ಕೊನೆಯಲ್ಲಿ ಚಾಕುವನ್ನು ನುಣ್ಣಗೆ ಉಜ್ಜಿ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದಾಗ ನಿಕ್ಕಲ್ ಇಲ್ಲದ ಪದರ ಬೇಗ ಕೊರೆದು ಕಪ್ಪಾಗುತ್ತದೆ, ನಿಕ್ಕಲ್ ಇರುವುದು ತಡೆದುಕೊಂಡು ಬೆಳ್ಳಗೆ ನಿಲ್ಲುತ್ತದೆ. ಕಪ್ಪು ಇನ್ನೂ ಗಾಢವಾಗಲಿ ಅಂತ ಆಮೇಲೆ ಗಟ್ಟಿ ಇನ್‌ಸ್ಟಂಟ್ ಕಾಫಿಯಲ್ಲಿ ಗಂಟೆಗಟ್ಟಲೆ ಅದ್ದಿಡುವವರೂ ಇದ್ದಾರೆ, ಜೋಕ್ ಅಲ್ಲ.

ಇನ್ನೊಂದು ಪ್ರಶ್ನೆ. 2.5 ಮಿಲಿಮೀಟರ್ ದಪ್ಪದಲ್ಲಿ 300 ಪದರ ಇದ್ದರೆ ಒಂದೊಂದು 8 ಮೈಕ್ರಾನ್ ಚಿಲ್ಲರೆ. ಅಷ್ಟು ತೆಳುವಾದದ್ದು ಬರಿಗಣ್ಣಿಗೆ ಕಾಣಬಾರದು. ಆದರೂ ಕಾಣುತ್ತದೆ, ಯಾಕೆಂದರೆ ನಾವು ಪದರವನ್ನು ನೇರವಾಗಿ ಅಡ್ಡ ಕಡಿದು ನೋಡುತ್ತಿಲ್ಲ, ಓರೆಯಾಗಿ ಸವೆಸಿ ನೋಡುತ್ತಿದ್ದೇವೆ. ಅಲಗು ಬೆನ್ನಿನಿಂದ ಬಾಯಿಯ ಕಡೆಗೆ ಇಳಿಜಾರಾಗಿ ತೆಳುವಾಗುತ್ತದೆ. 45 ಮಿಲಿಮೀಟರ್ ಅಗಲದ ಅಲಗಿನ ಒಂದು ಪಕ್ಕದಲ್ಲಿ 150 ಪದರಗಳು ಹರಡಿಕೊಂಡರೆ ಒಂದೊಂದಕ್ಕೆ 0.3 ಮಿಲಿಮೀಟರ್ ಸಿಕ್ಕಿತು. ಕಣ್ಣಿಗೆ ಧಾರಾಳ.

ಪದರಗಳು ಸಪಾಟಾಗಿದ್ದರೆ ಬರುವುದು ಬಾಯಿಗೆ ಸಮಾನಾಂತರವಾದ ಸಪ್ಪೆ ಗೆರೆಗಳು. ಚಿತ್ತಾರ ಬೇಕಾದರೆ ಪದರಗಳನ್ನು ಕೆಡಿಸಬೇಕು. ಮರದ ಹಲಗೆಯನ್ನು ನೋಡಿದ್ದೀರಲ್ಲ, ಒಳಗೆ ಗಂಟಿದ್ದ ಕಡೆ ಗೆರೆಗಳು ಅದನ್ನು ಸುತ್ತಿ ಉಂಗುರವಾಗಿ ಕಾಣುತ್ತವೆ. ಉಕ್ಕಿನಲ್ಲೂ ಅದೇ ನಡೆಯುತ್ತದೆ, ಗಂಟನ್ನು ನಾವೇ ಹುಟ್ಟಿಸಬೇಕು ಅಷ್ಟೇ. ಮಳೆಹನಿ ಅನ್ನುವ ಚಿತ್ತಾರಕ್ಕೆ ತುಂಡಿನ ಎರಡೂ ಮೈಯಲ್ಲಿ ಅಲ್ಲಲ್ಲಿ ಆಳವಿಲ್ಲದ ಗುಂಡಿ ಕೊರೆಯುತ್ತಾರೆ. ಗುಂಡಿಯೊಳಗೆ ಕೆಳಗಿನ ಪದರಗಳು ಸುತ್ತು ಸುತ್ತಾಗಿ ಬಯಲಾಗುತ್ತವೆ. ಮತ್ತೆ ಕಾಯಿಸಿ ಬಡಿದು ಸಪಾಟು ಮಾಡಿದಾಗ ಗುಂಡಿಯ ತಳ ಮೇಲೆದ್ದು ಬಂದು ಉಂಗುರಗಳ ಗುಂಪಾಗುತ್ತದೆ. ಅಡ್ಡಡ್ಡ ಗೀರು ಹಾಕಿ ಬಡಿದರೆ ಏಣಿ ಚಿತ್ತಾರ. ತುಂಡನ್ನು ಚೌಕ ಮಾಡಿ ತಿರುಚಿದರೆ ನಕ್ಷತ್ರದಂಥ ಸುಳಿಗಳು. ನನ್ನ ಕೇಳಿದರೆ ಚಾಕು ಮಾಡುವವರ ನಿಜವಾದ ಜಾಣತನ ಇಲ್ಲಿದೆ, ಇನ್ನೂ ಮುಗಿಯದ ತುಂಡನ್ನು ನೋಡುತ್ತಲೇ ಮೂರು ಕೆಲಸ ಆದಮೇಲೆ ಗೆರೆ ಎಲ್ಲಿಗೆ ಬರುತ್ತದೆ ಅಂತ ತಲೆಯಲ್ಲೇ ಕಾಣಬೇಕು.

ಇದನ್ನೆಲ್ಲ ಈಗ ಡಮಾಸ್ಕಸ್ ಅಂತ ಮಾರುತ್ತಾರೆ. ಹಳೆಯ ಡಮಾಸ್ಕಸ್ ಕತ್ತಿಗಳು ಹೀಗೆ ಬೆಸೆದವಲ್ಲ. ಅವು ದಕ್ಷಿಣ ಭಾರತ, ಶ್ರೀಲಂಕಾದಂಥ ಕಡೆ ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕಿನ ಉಂಡೆಗಳಿಂದ ಬಡಿದವು. ಅವುಗಳ ಗೆರೆ ಉಕ್ಕಿನೊಳಗೆ ತಾನಾಗಿ ಕಟ್ಟಿಕೊಂಡದ್ದು, ಅದಿರಿನಿಂದ ಬಂದ ವೆನೇಡಿಯಂನಂಥ ಬೆರಕೆ ಬಹಳ ಅಲ್ಪ ಪ್ರಮಾಣದಲ್ಲಿದ್ದರೂ ಸಾಕು ಅಂತ ಲೋಹ ವಿಜ್ಞಾನಿ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ 1990ರ ದಶಕದಲ್ಲಿ ಹಾಗೆಯೇ ಉಕ್ಕು ಮಾಡಿ ತೋರಿಸಿದರು. ಬೆಸೆದು ಗೆರೆ ತರುವುದು ಯುರೋಪಿನಲ್ಲೂ ಹಳೆಯದೇ, ಇಂಗ್ಲೆಂಡಿನ ಸಟನ್ ಹೂದಲ್ಲಿ ಸಿಕ್ಕ 7ನೇ ಶತಮಾನದ ಕತ್ತಿ ಈ ಬಗೆಯದು. ಈಗಿನ ಹುಚ್ಚು ಶುರುವಾದದ್ದು 1973ರಲ್ಲಿ, ಅಮೆರಿಕದ ಬಿಲ್ ಮೊರಾನ್ ಚಾಕು ತಯಾರಕರ ಪ್ರದರ್ಶನವೊಂದಕ್ಕೆ ತಾನು ಬಡಿದ ಇಂಥ ಚಾಕುಗಳನ್ನು ತಂದ ಮೇಲೆ.

ಇನ್ನು ಹರಿತದ ವಿಷಯ. ಇಲ್ಲಿಯ ತನಕ ಮಾಡಿದ್ದೆಲ್ಲ ಮುಗಿದರೂ ಕೈಯಲ್ಲಿರುವುದು ಚಾಕುವಿನ ಆಕಾರದ ಒಂದು ಮೆದು ತುಂಡು. ಅರ ಹಾಕಿದರೆ ಸಲೀಸಾಗಿ ಸವೆಯುತ್ತದೆ. ಅದನ್ನು ಗಡಸು ಮಾಡುವುದು ಹದ. 727 ಡಿಗ್ರಿಯ ಮೇಲೆ ಕಬ್ಬಿಣದ ಪರಮಾಣುಗಳು ಜೋಡಣೆ ಬದಲಿಸುತ್ತವೆ. ಹೊಸ ಜೋಡಣೆ ಆ ಬಿಸಿಯಲ್ಲೇ ಶೇಕಡಾ 0.77ರಷ್ಟು ಇಂಗಾಲ ಹಿಡಿಸಿಕೊಳ್ಳುತ್ತದೆ, ತಣ್ಣಗಿನ ಜೋಡಣೆಗೆ ಶೇಕಡಾ 0.02ಕ್ಕಿಂತ ಹಿಡಿಸುವುದು ಕಷ್ಟ. ಈ ಅಂತರದಲ್ಲೇ ಇಡೀ ಚಾಕು ನಿಂತಿದೆ. ಕೋಣೆಯನ್ನು ಕತ್ತಲು ಮಾಡಿಕೊಂಡು ಅಲಗು ಕಾಯುವುದನ್ನು ನೋಡಿದರೆ ಈ ಬದಲಾವಣೆ ಕಣ್ಣಿಗೇ ಕಾಣುತ್ತದೆ: ಜೋಡಣೆ ಬದಲಿಸಲು ಬಿಸಿ ಖರ್ಚಾಗುವುದರಿಂದ ಆ ಭಾಗ ಸ್ವಲ್ಪ ಹೊತ್ತು ಮಂಕಾಗಿ, ಅಲಗಿನ ಮೇಲೆ ನೆರಳುಗಳು ಸರಿದಾಡಿ ಮಾಯವಾಗುತ್ತವೆ. ಜೊತೆಗೆ 770 ಡಿಗ್ರಿಯಲ್ಲಿ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೂ ಒಂದಿಷ್ಟು ಮೇಲೆ, 815ರ ಸುಮಾರಿಗೆ ನಿಲ್ಲಿಸಬೇಕು. ಇನ್ನೂ ಕಾದರೆ ಕಣಗಳು ದಪ್ಪವಾಗಿ ಅಲಗು ಪೆಡಸಾಗುತ್ತದೆ.

ಆಮೇಲೆ ಎಣ್ಣೆ. ನಿಧಾನ ತಣಿಸಿದರೆ ಇಂಗಾಲ ಹೊರಬಂದು ಬೇರೆ ಕೂತು ಮೆದು ಉಕ್ಕಾಗುತ್ತದೆ. ಅದಕ್ಕೆ ಅವಕಾಶ ಕೊಡಬಾರದು ಅಂದರೆ 1084ರಂಥ ಉಕ್ಕನ್ನು 540 ಡಿಗ್ರಿಯ ಕೆಳಕ್ಕೆ ಸುಮಾರು ಒಂದು ಸೆಕೆಂಡಿನೊಳಗೆ ಇಳಿಸಬೇಕು. ಕುಲುಮೆಯಿಂದ ಎಣ್ಣೆಯ ಡಬ್ಬಕ್ಕೆ ಎರಡು ಹೆಜ್ಜೆ ಜಾಸ್ತಿಯಾದರೂ ಕೆಲಸ ಕೆಡಬಹುದು. ಎಣ್ಣೆಯನ್ನು 50 ಡಿಗ್ರಿಗೆ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ತಣ್ಣಗಿದ್ದರೆ ಬೇಗ ತಣಿಸುತ್ತದೆ ಅನ್ನಿಸಬಹುದು, ಆದರೆ ಬೆಚ್ಚಗಿನ ಎಣ್ಣೆ ತೆಳುವಾಗಿ ಹರಿದು ಅಲಗನ್ನು ಚೆನ್ನಾಗಿ ಸುತ್ತಿಕೊಳ್ಳುತ್ತದೆ. ನೀರು ಇನ್ನೂ ವೇಗ, ಆದರೆ ಟಿಣ್ ಅಂತ ಒಂದು ಸದ್ದು ಬಂದರೆ ಅಲಗು ಸೀಳಿತು ಅಂತಲೇ ಅರ್ಥ.

ಒಳಗೆ ಏನಾಗುತ್ತದೆ ಅಂದರೆ, 200 ಡಿಗ್ರಿಯ ಆಸುಪಾಸಿನಿಂದ ಕೆಳಗೆ ಕಬ್ಬಿಣ ತನ್ನ ಹಳೆ ಜೋಡಣೆಗೆ ಮರಳಲು ಹೋಗುತ್ತದೆ, ಇಂಗಾಲಕ್ಕೆ ಹೊರಬರಲು ಹೊತ್ತಿಲ್ಲ, ಹಾಗೇ ಸಿಕ್ಕಿಹಾಕಿಕೊಳ್ಳುತ್ತದೆ. ಹಿಗ್ಗಿ ಬಿಗಿದ ಈ ರೂಪಕ್ಕೆ ಮಾರ್ಟೆನ್‌ಸೈಟ್ ಅನ್ನುತ್ತಾರೆ. ಆ ಬಿಸಿಗೆ ಬರುವ ತನಕ ಅಲಗು ಇನ್ನೂ ಬಗ್ಗುತ್ತದೆ. ಎಣ್ಣೆಯಿಂದ ತೆಗೆದ ಕೂಡಲೇ ಕಣ್ಣಿಗೆ ನೇರ ಹಿಡಿದು ನೋಡಿ, ಸೊಟ್ಟ ಇದ್ದರೆ ಕೈಗವಸಿನಲ್ಲೇ ಒತ್ತಿ ಸರಿ ಮಾಡಬಹುದು. ಒಂದಷ್ಟು ಕ್ಷಣ ಕಳೆದ ಮೇಲೆ ಅದೇ ಒತ್ತು ಕೊಟ್ಟರೆ ಎರಡು ತುಂಡು. ಈಗ ಅರ ಎಳೆದರೆ ಕಚ್ಚುವುದಿಲ್ಲ, ಜಾರುತ್ತದೆ.

ಈ ಸ್ಥಿತಿಯಲ್ಲಿ ಚಾಕು ಕೆಳಗೆ ಬಿದ್ದರೂ ಒಡೆಯಬಹುದು. ಹಾಗಾಗಿ 200 ಡಿಗ್ರಿಯ ಒಲೆಯಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಇಟ್ಟು ಬಿಗಿ ಇಳಿಸುತ್ತಾರೆ. ಅಲಗಿನ ಮೇಲೆ ತಿಳಿ ಹಳದಿ ಬಣ್ಣ ಬರುತ್ತದೆ. ಅದು ಬಣ್ಣವಲ್ಲ, ಆಕ್ಸೈಡಿನ ತೆಳು ಪೊರೆಯ ಮೇಲೂ ಕೆಳಗೂ ಪ್ರತಿಫಲಿಸಿದ ಬೆಳಕಿನ ಆಟ. ರಾಕ್‌ವೆಲ್ ಅಳತೆಯಲ್ಲಿ 65ರ ಸುಮಾರಿದ್ದ ಗಡಸುತನ 60ರ ಹತ್ತಿರಕ್ಕೆ ಇಳಿಯುತ್ತದೆ, ಅಡುಗೆಮನೆಯ ಚಾಕುವಿಗೆ ಅದು ಒಳ್ಳೆಯ ಜಾಗ.

ಪದರಕ್ಕೂ ಹದಕ್ಕೂ ಇರುವ ಸಂಬಂಧ ಚಾಕು ಬಡಿಯುವವರ ಸಂಘವಾದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಪರೀಕ್ಷೆಯಲ್ಲಿ ಚೆನ್ನಾಗಿ ಕಾಣುತ್ತದೆ. ಮಾಸ್ಟರ್ ಪದವಿಗೆ ಕನಿಷ್ಠ 300 ಪದರದ ಚಾಕು ತರಬೇಕು. ನೇತಾಡುವ ಹಗ್ಗವನ್ನು ಒಂದೇ ಏಟಿಗೆ ಕಡಿಯಬೇಕು, ಮರದ ತೊಲೆ ಕಡಿಯಬೇಕು, ಅದಾದ ಮೇಲೂ ಕೈಮೇಲಿನ ಕೂದಲು ಬೋಳಿಸಬೇಕು, ಕೊನೆಗೆ ಅದೇ ಅಲಗನ್ನು 90 ಡಿಗ್ರಿ ಬಗ್ಗಿಸಿದರೂ ಮುರಿಯಬಾರದು. ಪದರ ತರಬೇಕು, ಸರಿ, ಆದರೆ ಪಾಸು ಮಾಡಿಸುವುದು ಹದ: ಬಾಯಿ ಗಡಸಾಗಿ, ಬೆನ್ನು ಮೆದುವಾಗಿ ಉಳಿದಿರಬೇಕು.

ಹೆಚ್ಚುವಾಗ ಕೈಗೆ ತಿಳಿಯುವುದು ಇನ್ನೊಂದು: ಬಾಯಿಯ ಹಿಂದೆ ಅಲಗು ಎಷ್ಟು ತೆಳು ಅನ್ನುವುದು. ಅಲ್ಲಿ ಕಾಲು ಮಿಲಿಮೀಟರ್ ಇದ್ದರೆ ತರಕಾರಿಯೊಳಗೆ ಸುಮ್ನೆ ಇಳಿಯುತ್ತದೆ, ಒಂದು ಮಿಲಿಮೀಟರ್ ಇದ್ದರೆ ಎಷ್ಟೇ ಸಾಣೆ ಹಿಡಿದರೂ ತರಕಾರಿಯನ್ನು ಸೀಳಿ ಒಡೆಯುತ್ತದೆ. ಅದಕ್ಕೇ ಅನೇಕರು ನಡುವೆ ಒಂದೇ ಬಗೆಯ ಗಡಸು ಉಕ್ಕು ಇಟ್ಟು, ಎರಡು ಪಕ್ಕಕ್ಕೆ ಮಾತ್ರ ಪದರದ ಉಕ್ಕು ಬೆಸೆಯುತ್ತಾರೆ. ಜಪಾನಿನವರು ಸಾನ್‌ಮೈ ಅನ್ನುವ ಬಗೆ ಇದು, ಚಂದಕ್ಕೆ ಚಂದ, ಹೆಚ್ಚುವುದಕ್ಕೆ ನಡುವಿನ ಉಕ್ಕು.

ಇಂಥ ಉಕ್ಕಿನಲ್ಲಿ ಕ್ರೋಮಿಯಂ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ತುಕ್ಕು ಹಿಡಿಯುತ್ತದೆ. ಹುಳಿಯಾದದ್ದನ್ನು ಹೆಚ್ಚಿದ ಮೇಲೆ ತೊಳೆದು ಒರೆಸದೆ ಇಟ್ಟರೆ ಬೇಗ ಕಲೆ ಬೀಳುತ್ತದೆ. ಬಳಸುತ್ತಾ ಬಳಸುತ್ತಾ ಗೆರೆಯೂ ಮಸುಕಾಗುತ್ತದೆ, ಆಗ ನುಣ್ಣಗೆ ಉಜ್ಜಿ ಇನ್ನೊಮ್ಮೆ ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದರೆ ಮತ್ತೆ ಬರುತ್ತದೆ. ಅಸಲಿಯೋ ನಕಲಿಯೋ ತಿಳಿಯಲು ಕೂಡ ಇದೇ ದಾರಿ. ಲೇಸರ್‌ನಲ್ಲಿ ಗೆರೆ ಅಚ್ಚು ಹಾಕಿದ ಸಾದಾ ಚಾಕುಗಳು ಬೇಕಾದಷ್ಟಿವೆ. ಬೆನ್ನಿನ ಹತ್ತಿರ ಚೂರು ಜಾಗ ಉಜ್ಜಿ ಗೆರೆ ಅಳಿಸಿ, ಅಲ್ಲಿಗೆ ಎರಡು ಹನಿ ದ್ರಾವಣ ಹಾಕಿ ಕೆಲವು ನಿಮಿಷ ಬಿಡಿ. ಬೆಸೆದದ್ದಾದರೆ ಗೆರೆ ವಾಪಸ್ ಬರುತ್ತದೆ, ಅಚ್ಚು ಹಾಕಿದ್ದಾದರೆ ಆ ಜಾಗ ಬರೀ ಬೂದು ಬಣ್ಣಕ್ಕೆ ತಿರುಗುತ್ತದೆ.