ಅರ್ಥ ಸರಿಯಾಗಿದ್ದರೂ ವಾಕ್ಯ ತಪ್ಪಾಗುವುದು ಹೇಗೆ?

ಓದುಗರ ಪ್ರಶ್ನೆ: ಗೋಣಿಕೊಪ್ಪದಲ್ಲಿ ಪದವಿ ಮುಗಿಸಿ ಕೇಂದ್ರ ಸರ್ಕಾರದ ನೌಕರಿಗಾಗಿ ಎಸ್‌ಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷ್ ವಿಭಾಗದಲ್ಲಿ ಮಾಡಿಫೈಯರ್ (ಇನ್ನೊಂದು ಪದವನ್ನು ವಿವರಿಸುವ ಪದ ಅಥವಾ ತುಂಡು) ತಪ್ಪು ಜಾಗದಲ್ಲಿರುವ ವಾಕ್ಯಗಳಿಗೆ ‘ತಪ್ಪಿಲ್ಲ’ ಎಂದೇ ಗುರುತು ಹಾಕಿ ಬರುತ್ತೇನೆ. ನಿಯಮ ಬಾಯಿಪಾಠವಿದೆ. ಆದರೆ ಕನ್ನಡದಲ್ಲಿ ಅರ್ಥ ಮಾಡಿಕೊಂಡರೆ ವಾಕ್ಯ ಸರಿಯಾಗಿಯೇ ಕಾಣುತ್ತದೆ. ಕನ್ನಡದಲ್ಲಿ ಯೋಚಿಸುವುದನ್ನೇ ಬಿಡಬೇಕೆ?

ಉತ್ತರ: ಬಿಡಬೇಡಿ. ಕನ್ನಡ ಬಲ್ಲವರಿಗೆ ಈ ತಪ್ಪನ್ನು ಹಿಡಿಯುವ ಕಿವಿ ಆಗಲೇ ಇದೆ. ನೀವು ಇಂಗ್ಲಿಷ್ ವಾಕ್ಯವನ್ನು ಕನ್ನಡದ ಯಾವ ರೂಪಕ್ಕೆ ಇಳಿಸಿಕೊಳ್ಳುತ್ತೀರಿ ಎಂಬುದರಲ್ಲಿ ಎಡವುತ್ತಿದ್ದೀರಿ, ಅಷ್ಟೇ.

ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ: ‘ವಾಕಿಂಗ್ ಥ್ರೂ ದಿ ಎಸ್ಟೇಟ್, ಎ ಲೀಚ್ ಬಿಟ್ ಮೈ ಫೂಟ್.’ ಇದನ್ನು ಓದಿದ ಕೂಡಲೇ ಮನಸ್ಸು ‘ತೋಟದಲ್ಲಿ ನಡೆಯುವಾಗ ಜಿಗಣೆ ನನ್ನ ಕಾಲಿಗೆ ಕಚ್ಚಿತು’ ಎಂದು ಹೇಳಿಕೊಳ್ಳುತ್ತದೆ. ಮಳೆಗಾಲದಲ್ಲಿ ಕಾಫಿ ತೋಟಕ್ಕೆ ಕಾಲಿಟ್ಟ ಯಾರಿಗಾದರೂ ಇದರಲ್ಲಿ ಕೊರತೆ ಕಾಣುವುದಿಲ್ಲ. ನಡೆದವರು ನಾವು, ಕಚ್ಚಿದ್ದು ಜಿಗಣೆ. ಆದರೆ ಈ ತಿಳಿವಳಿಕೆ ಬಂದದ್ದು ಅನುಭವದಿಂದ. ಇಂಗ್ಲಿಷ್ ವಾಕ್ಯ ಅದನ್ನು ಹೇಳಿಯೇ ಇಲ್ಲ.

‘ನಡೆಯುವಾಗ’ ಎಂಬ ರೂಪ ಬಹಳ ಉದಾರಿ. ಅದರ ಕರ್ತೃ ಒಬ್ಬರು, ಮುಂದಿನ ಕ್ರಿಯಾಪದದ ಕರ್ತೃ ಇನ್ನೊಬ್ಬರು ಎಂದರೆ ಅದಕ್ಕೆ ಅಡ್ಡಿಯಿಲ್ಲ. ಈಗ ಅದೇ ಜಾಗದಲ್ಲಿ ‘ನಡೆಯುತ್ತಾ’ ಎಂದು ಹಾಕಿ ಓದಿ: ‘ತೋಟದಲ್ಲಿ ನಡೆಯುತ್ತಾ ಜಿಗಣೆ ನನ್ನ ಕಾಲಿಗೆ ಕಚ್ಚಿತು.’ ನಡೆದದ್ದು ಯಾರು? ಜಿಗಣೆ. ಕಿವಿಗೆ ತಟ್ಟನೆ ಇರುಸುಮುರುಸಾಗುತ್ತದೆ. ಇಂಗ್ಲಿಷ್ ಬಲ್ಲ ಪರೀಕ್ಷಕರಿಗೆ ಮೂಲ ವಾಕ್ಯ ಕೇಳಿಸುವುದೂ ಹೀಗೆಯೇ.

ಶಾಲೆಯ ವ್ಯಾಕರಣದಲ್ಲಿ ಕೃದಂತಾವ್ಯಯ ಎಂದು ಓದಿದ್ದೀರಲ್ಲ, ಮಾಡುತ್ತಾ, ಮಾಡಿ, ಮಾಡದೆ ಎಂಬ ರೂಪಗಳು, ಅವು ಸಾಮಾನ್ಯವಾಗಿ ಮುಂದಿನ ಕ್ರಿಯಾಪದದ ಕರ್ತೃವನ್ನೇ ತಮ್ಮ ಕರ್ತೃವಾಗಿ ಹಿಡಿಯುತ್ತವೆ. ವಾಕ್ಯದ ಆರಂಭದಲ್ಲಿ ಕರ್ತೃವಿಲ್ಲದೆ ಬರುವ ಇಂಗ್ಲಿಷ್ ತುಂಡು ನಡೆದುಕೊಳ್ಳುವುದೂ ಹಾಗೆಯೇ. ಅಲ್ಪವಿರಾಮ ದಾಟಿದ ಮೇಲೆ ಸಿಗುವ ಕರ್ತೃವನ್ನೇ ಅದು ತನ್ನದೆಂದು ಹಿಡಿಯುತ್ತದೆ. ಕೊಡಗಿನ ಎಷ್ಟೋ ಮನೆಗಳಲ್ಲಿ ಆಡುವ ಮಾತು ಕೊಡವ ತಕ್ಕ್ ಅಥವಾ ಅರೆಭಾಷೆ. ಅವರ ಕಿವಿಗೂ ಈ ಕಟ್ಟು ಹೊಸದಲ್ಲ. ಆದ್ದರಿಂದ ‘ಇಂಗ್ಲಿಷ್‌ನಲ್ಲೇ ಯೋಚಿಸಿ’ ಎಂಬ ಸಲಹೆಯನ್ನು ಈ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಅದು ಕೈಯಲ್ಲಿರುವ ಒಳ್ಳೆಯ ಸಾಧನವನ್ನು ಕಸಿದುಕೊಳ್ಳುತ್ತದೆ.

ಹಾಗಾದರೆ ಯಾವುದನ್ನು ಯಾವ ರೂಪಕ್ಕೆ ಇಳಿಸಬೇಕು? ‘ವಾಕಿಂಗ್’, ‘ಡ್ರೈವಿಂಗ್’ ಬಗೆಯದು ಬಂದರೆ ನಡೆಯುತ್ತಾ, ಓಡಿಸುತ್ತಾ. ‘ಹ್ಯಾವಿಂಗ್’ ಸೇರಿ ಬಂದರೆ ಮುಗಿಸಿ, ಬಂದು, ವಹಿಸಿಕೊಂಡು. ‘ಬಾರ್ನ್’, ‘ಬಿಲ್ಟ್’, ‘ಕವರ್ಡ್’ ಬಗೆಯದಾದರೆ ಹುಟ್ಟಿದ, ಕಟ್ಟಿದ, ಮುಚ್ಚಿದ ಎಂದು ಮಾಡಿ, ಅಲ್ಪವಿರಾಮದ ನಂತರದ ನಾಮಪದಕ್ಕೆ ನೇರವಾಗಿ ಅಂಟಿಸಿ. ‘ಮಂಜು ಮುಚ್ಚಿದ ಬೆಟ್ಟ’ ಸರಿ, ‘ಮಂಜು ಮುಚ್ಚಿದ ಪ್ರವಾಸಿಗರು’ ತಪ್ಪು. ಮಂಜು ಕವಿದ ಬೆಳಿಗ್ಗೆ ಮಡಿಕೇರಿಯ ರಾಜಾಸೀಟಿನಲ್ಲಿ ಪ್ರವಾಸಿಗರಿಗೆ ಬೆಟ್ಟ ಕಾಣಲಿಲ್ಲ ಎಂದು ಹೇಳಲು ಹೊರಟ ವಾಕ್ಯ ಹೀಗೆ ಜಾರುವುದು ಬಹಳ ಸುಲಭ.

ಅಮೆರಿಕದ ಕಾಲೇಜುಗಳಿಗೆ ಸೇರಲು ಬರೆಯುವ ಸ್ಯಾಟ್ ಪರೀಕ್ಷೆಯಲ್ಲಿ ಓದು ಮತ್ತು ಬರವಣಿಗೆಯ ಭಾಗಕ್ಕೆ 64 ನಿಮಿಷ, 54 ಪ್ರಶ್ನೆ. ಅಲ್ಲಿ ಈ ನಿಯಮವನ್ನು ಕೇಳುವ ರೀತಿ ಬೇರೆ: ಮೊದಲ ತುಂಡನ್ನು ಅವರೇ ಕೊಟ್ಟು, ಉಳಿದುದನ್ನು ನಾಲ್ಕು ಆಯ್ಕೆಗಳಲ್ಲಿ ಇಡುತ್ತಾರೆ. ಅದೇ ಮಾದರಿಯಲ್ಲಿ, ನಮ್ಮ ಜಿಲ್ಲೆಯವರೇ ಆದ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಬಗ್ಗೆ ಒಂದು ಪ್ರಶ್ನೆ ಮಾಡಿದ್ದೇನೆ. ಆರಂಭ ಹೀಗಿದೆ: ‘ಹ್ಯಾವಿಂಗ್ ಟೇಕನ್ ಕಮಾಂಡ್ ಆಫ್ ದಿ ಆರ್ಮಿ ಇನ್ ಜನವರಿ 1949,’. ಮುಂದೆ ಯಾವುದು ಬರಬೇಕು?

ಅ) ದಿ ಪೋಸ್ಟ್ ವಾಸ್ ಹೆಲ್ಡ್ ಬೈ ಕಾರ್ಯಪ್ಪ ಅಂಟಿಲ್ 1953.
ಆ) ಕಾರ್ಯಪ್ಪಾಸ್ ಟೆನ್ಯೂರ್ ಲಾಸ್ಟೆಡ್ ಅಂಟಿಲ್ 1953.
ಇ) ಇಟ್ ವಾಸ್ ಅಂಟಿಲ್ 1953 ದಟ್ ಕಾರ್ಯಪ್ಪ ಹೆಲ್ಡ್ ದಿ ಪೋಸ್ಟ್.
ಈ) ಕಾರ್ಯಪ್ಪ ಹೆಲ್ಡ್ ದಿ ಪೋಸ್ಟ್ ಅಂಟಿಲ್ 1953.

ನಾಲ್ಕರಲ್ಲಿಯೂ ಮಾಹಿತಿ ಒಂದೇ, ಅದು ನಿಜವೂ ಹೌದು. 1949ರ ಜನವರಿ 15ರಂದು ಅವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು, 1953ರ ಜನವರಿಯಲ್ಲಿ ನಿವೃತ್ತರಾದರು. ಹಾಗಾಗಿ ಅರ್ಥ ಹುಡುಕುತ್ತಾ ಹೋದರೆ ನಾಲ್ಕೂ ಸರಿ ಎನಿಸುತ್ತದೆ. ‘ವಹಿಸಿಕೊಂಡು’ ಎಂಬ ರೂಪವನ್ನು ಇಟ್ಟು ನೋಡಿ. ಸೇನೆಯ ಹೊಣೆ ವಹಿಸಿಕೊಂಡು ಆ ಹುದ್ದೆ... ಇಲ್ಲ, ಹುದ್ದೆ ಹೊಣೆ ವಹಿಸಿಕೊಳ್ಳುವುದಿಲ್ಲ. ವಹಿಸಿಕೊಂಡು ಕಾರ್ಯಪ್ಪನವರ ಅವಧಿ 1953ರವರೆಗೆ ನಡೆಯಿತು... ಹೊಣೆ ವಹಿಸಿಕೊಂಡದ್ದು ಅವಧಿಯಲ್ಲ, ಅವರು. ಮೂರನೆಯದರಲ್ಲಿ ಕರ್ತೃವಿನ ಜಾಗದಲ್ಲಿ ‘ಇಟ್’ ಕುಳಿತಿದೆ, ಅದಕ್ಕೆ ಹೊಣೆ ಹೊರುವ ಶಕ್ತಿಯಿಲ್ಲ. ಸರಿ ಉತ್ತರ ‘ಈ’ ಆಯ್ಕೆ.

ಎರಡನೆಯ ಆಯ್ಕೆಗೆ ಬಲಿಯಾಗುವವರೇ ಹೆಚ್ಚು. ಕಣ್ಣಿಗೆ ಮೊದಲು ಬೀಳುವುದು ಕಾರ್ಯಪ್ಪನವರ ಹೆಸರು. ಹೆಸರು ಕಂಡ ಕೂಡಲೇ ನೆಮ್ಮದಿ. ಆದರೆ ಅದು ಷಷ್ಠಿ ವಿಭಕ್ತಿಯಲ್ಲಿದೆ. ‘ಕಾರ್ಯಪ್ಪನವರ’ ಎಂಬುದು ಕರ್ತೃವಲ್ಲ, ‘ಅವಧಿ’ ಎಂಬುದು ಕರ್ತೃ. ಅಲ್ಪವಿರಾಮದ ನಂತರ ಹೆಸರಿನ ಬಾಲದಲ್ಲಿ ಆ ಸಣ್ಣ ಎಸ್ ಅಕ್ಷರ ಕಂಡರೆ ಅಲ್ಲೇ ನಿಂತು ಮುಂದಿನ ಪದವನ್ನು ಓದಿ.

ನೀವು ಬರೆಯುವ ಎಸ್‌ಎಸ್‌ಸಿ ಪರೀಕ್ಷೆಯಲ್ಲಿ ಈ ತಪ್ಪು ಇನ್ನೂ ಒಳಗೆ ಅಡಗಿರುತ್ತದೆ. ವಾಕ್ಯವನ್ನು ತುಂಡು ಮಾಡಿ, ದೋಷ ಯಾವ ತುಂಡಿನಲ್ಲಿದೆ ಎಂದು ಕೇಳುತ್ತಾರೆ. ಒಂದೊಂದೇ ತುಂಡನ್ನು ಪರೀಕ್ಷಿಸಿದರೆ ಕಾಲ, ವಚನ, ವಿಭಕ್ತಿಸೂಚಕ ಪದ ಎಲ್ಲವೂ ನೆಟ್ಟಗಿರುತ್ತವೆ. ದೋಷ ಇರುವುದು ಒಂದು ತುಂಡಿಗೂ ಇನ್ನೊಂದಕ್ಕೂ ನಡುವಿನ ನಂಟಿನಲ್ಲಿ. ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷ್‌ನ 25 ಪ್ರಶ್ನೆಗಳಿಗೆ ತಲಾ 2 ಅಂಕ, ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. ಅವಸರದಲ್ಲಿ ‘ತಪ್ಪಿಲ್ಲ’ ಎಂದು ಒತ್ತಿದರೆ ಸರಿ ಉತ್ತರದವರಿಗಿಂತ ಎರಡೂವರೆ ಅಂಕ ಹಿಂದೆ ಬೀಳುತ್ತೀರಿ. ಮೊದಲ ತುಂಡು ಇಂತಹ ರೂಪದಲ್ಲಿ ಆರಂಭವಾಗಿದ್ದರೆ ಬೇರೆ ಏನನ್ನೂ ನೋಡುವ ಮುನ್ನ ಕರ್ತೃವನ್ನು ವಿಚಾರಿಸಿಕೊಳ್ಳಿ.

ತಿದ್ದುವ ದಾರಿ ಎರಡು. ಜಿಗಣೆಯ ವಾಕ್ಯವನ್ನೇ ತೆಗೆದುಕೊಳ್ಳಿ. ಮುಖ್ಯ ವಾಕ್ಯದ ಕರ್ತೃವನ್ನು ಬದಲಿಸಿ ‘ಐ ವಾಸ್ ಬಿಟನ್ ಬೈ ಎ ಲೀಚ್’ ಎನ್ನಬಹುದು. ಇಲ್ಲವೇ ಮೊದಲ ತುಂಡಿಗೇ ಕರ್ತೃ ಕೊಟ್ಟು ‘ಆ್ಯಸ್ ಐ ವಾಸ್ ವಾಕಿಂಗ್’ ಎಂದು ಆರಂಭಿಸಬಹುದು; ಆಗ ಅದು ನಮ್ಮ ‘ನಾನು ನಡೆಯುವಾಗ’ ಆಗುತ್ತದೆ, ಉಳಿದದ್ದನ್ನು ಮುಟ್ಟಬೇಕಿಲ್ಲ. ಮೊದಲ ದಾರಿಯಲ್ಲಿ ಕರ್ಮಣಿ ಪ್ರಯೋಗ ಬಂದಿದೆ, ಅದು ಸರಿಯೇ. ಕರ್ಮಣಿ ಕಂಡ ಆಯ್ಕೆಯನ್ನೆಲ್ಲ ಹೊಡೆದುಹಾಕಿ ಎಂದು ಕೆಲವರು ಕಲಿಸುತ್ತಾರೆ. ಅದನ್ನು ನಂಬಬೇಡಿ.

ಮಳೆಯ ವಾಕ್ಯವೊಂದಿದೆ, ಬಹಳ ಹಳೆಯ ಬಲೆ: ‘ಬೀಯಿಂಗ್ ಎ ರೈನಿ ಡೇ, ದಿ ಸ್ಕೂಲ್ ವಾಸ್ ಕ್ಲೋಸ್ಡ್.’ ಜುಲೈ ತಿಂಗಳಲ್ಲಿ ಶಾಲೆಗಳಿಗೆ ಮಳೆ ರಜೆ ಘೋಷಣೆಯಾಗುವುದನ್ನು ಕಂಡು ಬೆಳೆದ ಕೊಡಗಿನ ಮಕ್ಕಳಿಗೆ ಇದರಲ್ಲಿ ತಪ್ಪು ಕಾಣುವುದು ಕಷ್ಟ. ‘ಮಳೆಯ ದಿನವಾದ್ದರಿಂದ’ ಎಂದು ಇಳಿಸಿಕೊಂಡರಂತೂ ಕಾಣುವುದೇ ಇಲ್ಲ, ಏಕೆಂದರೆ ಆ ರೂಪವೂ ‘ನಡೆಯುವಾಗ’ ಎಂಬುದರಷ್ಟೇ ಉದಾರಿ. ಇಂಗ್ಲಿಷ್ ವಾಕ್ಯದ ಪ್ರಕಾರ ಶಾಲೆಯೇ ಮಳೆಯ ದಿನ. ‘ಇಟ್ ಬೀಯಿಂಗ್ ಎ ರೈನಿ ಡೇ’ ಎಂದರೆ ಮೊದಲ ತುಂಡಿಗೆ ಅದರದೇ ಕರ್ತೃ ಸಿಗುತ್ತದೆ, ವಾಕ್ಯ ನಿಲ್ಲುತ್ತದೆ. ಇದಕ್ಕೂ ಕನ್ನಡದಲ್ಲಿ ಜೊತೆಯಿದೆ: ‘ಮಳೆ ಸುರಿದು ರಸ್ತೆ ಕುಸಿಯಿತು.’ ಸುರಿದದ್ದು ಮಳೆ, ಕುಸಿದದ್ದು ರಸ್ತೆ. ಎರಡು ಕರ್ತೃಗಳು ಬಂದರೂ ವಾಕ್ಯ ಸರಿ. ಒಂದರಿಂದ ಇನ್ನೊಂದು ಆಯಿತು, ಎರಡನ್ನೂ ಹೆಸರಿಸಿದ್ದೇವೆ.

ಈ ಉಪಾಯ ಕೈಕೊಡುವ ಜಾಗವನ್ನೂ ಹೇಳಬೇಕು. ‘ಟು ರೀಚ್ ತಲಕಾವೇರಿ ಅರ್ಲಿ, ದಿ ಫಸ್ಟ್ ಬಸ್ ಮಸ್ಟ್ ಬಿ ಟೇಕನ್’ ಎಂಬಂತಹ ವಾಕ್ಯವನ್ನು ‘ತಲುಪಲು ಮೊದಲ ಬಸ್ಸು ಹಿಡಿಯಬೇಕು’ ಎಂದು ಮಾಡಿದರೆ ಕಿವಿ ಸುಮ್ಮನಿರುತ್ತದೆ. ಇಲ್ಲಿ ‘ತಲುಪಬೇಕಾದವರು ಯಾರು?’ ಎಂದು ನೇರವಾಗಿ ಕೇಳಿ. ‘ಯು ಮಸ್ಟ್ ಟೇಕ್ ದಿ ಫಸ್ಟ್ ಬಸ್’ ಎಂಬ ಆಯ್ಕೆ ಇದ್ದರೆ ಅದೇ ಉತ್ತರ.

‘ಓನ್ಲಿ’ ಪದದ ಜಾಗವೂ ಇದೇ ಗುಂಪಿಗೆ ಸೇರುತ್ತದೆ. ನಮ್ಮ ‘ಮಾತ್ರ’ ತನಗೆ ಬೇಕಾದ ಪದದ ನಂತರ ಬರುತ್ತದೆ, ‘ಓನ್ಲಿ’ ಸಾಮಾನ್ಯವಾಗಿ ಮೊದಲು. ಹಣ್ಣಾದ ಕಾಫಿಯನ್ನು ಮಾತ್ರ ಕೊಯ್ಯುತ್ತಾರೆ ಎನ್ನಬೇಕಾದರೆ ‘ಓನ್ಲಿ’ ಎಂಬುದು ‘ರೈಪ್’ ಪದಕ್ಕೆ ತಾಗಿ, ಅದಕ್ಕಿಂತ ಮೊದಲೇ ಇರಲಿ.

ಅಭ್ಯಾಸಕ್ಕೆ, ಎಂಬಿಎ ಕೋರ್ಸ್ ಸೇರಲು ಬರೆಯುವ ಜಿಮ್ಯಾಟ್ ಪರೀಕ್ಷೆಯ ಹಳೆಯ ಪುಸ್ತಕಗಳು ಸಿಕ್ಕರೆ ಬಿಡಬೇಡಿ. 2023ರ ನವೆಂಬರ್‌ನಲ್ಲಿ ಬಂದ ಹೊಸ ರೂಪದ ಜಿಮ್ಯಾಟ್‌ನಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳನ್ನು ಕೈಬಿಟ್ಟಿದ್ದಾರೆ, ಹಾಗಾಗಿ ಆ ಪುಸ್ತಕಗಳನ್ನು ಕೇಳುವವರು ಕಡಿಮೆ. ಮಾಡಿಫೈಯರ್ ಅಭ್ಯಾಸಕ್ಕೆ ಅವುಗಳಷ್ಟು ಗಟ್ಟಿ ಸಾಮಗ್ರಿ ಬೇರೆಡೆ ಸಿಗುವುದು ಕಷ್ಟ.

ಕಿವಿ ಪಳಗಿದ ಮೇಲೆ ಇನ್ನೊಂದು ಕಡೆ ಎಚ್ಚರ ಬೇಕಾಗುತ್ತದೆ: ಸರಿಯಾದ ವಾಕ್ಯವೂ ತಪ್ಪೆನಿಸಲು ಶುರುವಾಗುತ್ತದೆ. ‘ಕನ್ಸಿಡರಿಂಗ್ ದಿ ರೇನ್, ದಿ ಬಸ್ ವಾಸ್ ಆನ್ ಟೈಮ್’ ಎಂಬುದರಲ್ಲಿ ಬಸ್ಸು ಏನನ್ನೂ ಪರಿಗಣಿಸಿಲ್ಲ, ಆದರೂ ವಾಕ್ಯ ಸರಿ. ‘ಕನ್ಸಿಡರಿಂಗ್’, ‘ರಿಗಾರ್ಡಿಂಗ್’, ‘ಜನರಲಿ ಸ್ಪೀಕಿಂಗ್’ ಮೊದಲಾದವು ಬಳಕೆಯಲ್ಲಿ ಸವೆದು ಸ್ವತಂತ್ರವಾಗಿವೆ, ಅವುಗಳಿಗೆ ಕರ್ತೃ ಬೇಕಿಲ್ಲ. ನಮ್ಮ ‘ಕುರಿತು’ ಎಂಬುದೂ ಹಾಗೆ ಬಂದದ್ದೇ. ಇಂಥವು ವಾಕ್ಯದ ಆರಂಭದಲ್ಲಿ ಕಂಡರೆ ಕರ್ತೃವನ್ನು ಹುಡುಕದೆ ಉಳಿದ ತುಂಡುಗಳಲ್ಲಿ ದೋಷ ಹುಡುಕಿ.