ಕವಡೆಯ ಬಾಯಿ ಬಾಯಲ್ಲ

ಬೆಂಗಳೂರಿಗೆ ಸಮುದ್ರ ಇಲ್ಲ. ಆದರೆ ಸಮುದ್ರದ ಬಸವನಹುಳುವಿನ ಚಿಪ್ಪು ಇಲ್ಲಿನ ಗ್ರಂಧಿಗೆ ಅಂಗಡಿಯಲ್ಲೇ ಸಿಗುತ್ತದೆ. ಅದೇ ನಮ್ಮ ಕವಡೆ. ಮೃದ್ವಂಗಿಗಳ (ಬಸವನಹುಳುವಿನಂಥ ಮೆತ್ತನೆ ಮೈಯ ಪ್ರಾಣಿಗಳ) ಪಾಠದ ಚಿತ್ರ ನೋಡಿ ನೋಡಿ ತಲೆಕೆಟ್ಟು, ಚೌಕಾಬಾರದ ಡಬ್ಬಿಯಿಂದ ಒಂದನ್ನು ತೆಗೆದು ಪುಸ್ತಕದ ಪಕ್ಕ ಇಟ್ಟುಕೊಂಡೆ. ಆಮೇಲೆ ಎಲ್ಲ ಸಲೀಸಾಯಿತು. ನೀವೂ ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಓದಿ.

ಮೊದಲು ಮಗುಚಿ. ಆಟದಲ್ಲಿ ನಾವು ಬಾಯಿ ಅನ್ನುವ ಆ ಹಲ್ಲುಹಲ್ಲಿನ ಸೀಳು ಬಾಯಿಯೇ ಅಲ್ಲ, ಬಾಗಿಲು. ಹುಳುವಿನ ತಲೆ, ಪಾದ ಎರಡೂ ಅಲ್ಲಿಂದಲೇ ಹೊರಗೆ ಬರುತ್ತವೆ. ನಿಜವಾದ ಬಾಯಿ ಇರುವುದು ತಲೆಯಲ್ಲಿ. ಅದರೊಳಗೆ ಅರದಂಥ ನಾಲಿಗೆ, ರ‍್ಯಾಡ್ಯುಲಾ. ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುವುದು ಇದರಿಂದ. ಸೀಳಿನ ತುದಿಯಿಂದ ಸೈಫನ್ ಎಂಬ ಕೊಳವೆ ಚಾಚಿ ಕಿವಿರಿಗೆ ನೀರು ಎಳೆದುಕೊಳ್ಳುತ್ತದೆ. ಬಾಗಿಲಿಗೆ ಮುಚ್ಚಳ ಮಾತ್ರ ಇಲ್ಲ.

ಬಸವನಹುಳು ಅಂದಮೇಲೆ ಸುರುಳಿ ಎಲ್ಲಿ ಹೋಯಿತು? ನನ್ನ ಡಬ್ಬಿಯಲ್ಲಿ ಬೆನ್ನು ಒಡೆದ ಕವಡೆ ಒಂದಿತ್ತು. ಇಣುಕಿದರೆ ಒಳಗೆ ಸುರುಳಿ ಕಂಡಿತು! ಮರಿಯಾಗಿದ್ದಾಗ ಚಿಪ್ಪು ತೆಳ್ಳಗೆ, ಸುರುಳಿ ಹೊರಗೇ ಕಾಣುತ್ತದೆ. ಬೆಳೆದಂತೆ ಕೊನೆಯ ಸುತ್ತು ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ಅಂಚು ಒಳಕ್ಕೆ ಮಡಚಿ ಹಲ್ಲು ಮೂಡಿತೋ, ಅಲ್ಲಿಗೆ ಉದ್ದ ಬೆಳೆಯುವುದು ಮುಗಿಯಿತು. ಆಮೇಲೆ ಬರೀ ದಪ್ಪ ಆಗುವುದು.

ಹೊಳಪಿನ ಗುಟ್ಟು ನನಗೆ ಜಾಸ್ತಿ ಇಷ್ಟ. ಯಾರೂ ಪಾಲಿಶ್ ಹಾಕಿಲ್ಲ. ಮ್ಯಾಂಟಲ್ ಎಂಬ ಮೆತ್ತನೆ ಹೊದಿಕೆ ಎರಡೂ ಬದಿಯಿಂದ ಮೇಲೇರಿ, ಸೆರಗು ಹೊದ್ದ ಹಾಗೆ ಚಿಪ್ಪನ್ನು ಮುಚ್ಚಿಕೊಳ್ಳುತ್ತದೆ. ಹೊಸ ಸುಣ್ಣ, ಬಣ್ಣ ಎಲ್ಲ ಬಳಿಯುವುದು ಅದೇ. ಹಾಗಾಗಿ ಬದುಕಿದ್ದಾಗ ಕವಡೆಯ ಬೆನ್ನಿಗೆ ಪಾಚಿ ಹತ್ತುವುದಿಲ್ಲ, ಗೀರು ಬೀಳುವುದಿಲ್ಲ. ಸತ್ತ ಮೇಲೆ ಸವೆಯುತ್ತದೆ. ಆಡಿ ಆಡಿ ಬೆನ್ನು ಸವೆದ ಕವಡೆಯಲ್ಲಿ ಒಳಗಿನ ನೇರಳೆ ಪದರ ಇಣುಕುತ್ತದೆ, ನೋಡಿದ್ದೀರಲ್ವಾ?

ವಾಸ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಬಿಸಿನೀರಿನ ಆಳವಿಲ್ಲದ ದಡಗಳಲ್ಲಿ. ನಮ್ಮ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲೂ ಇವೆ. ಹಗಲು ಕಲ್ಲಿನಡಿ ಅವಿತಿದ್ದು ರಾತ್ರಿ ಮೇಯಲು ಹೊರಡುತ್ತವೆ. ಒಂದು ಕಾಲಕ್ಕೆ ಮಾಲ್ಡೀವ್ಸ್‌ನ ಕವಡೆ ಬಂಗಾಳದಲ್ಲಿ ಚಿಲ್ಲರೆ ಹಣ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದಕ್ಕಿಟ್ಟ ಜಾತಿಯ ಹೆಸರು ಮೊನೆಟಾ, ಅಂದರೆ ದುಡ್ಡು.

ಇನ್ನೊಂದು. ಬೆನ್ನ ಮೇಲೆ ಕಿತ್ತಳೆ ಉಂಗುರ ಇದ್ದರೆ ಅದು ಮೊನೆಟಾ ಅಲ್ಲ, ಪಕ್ಕದ ಜಾತಿ ಆನ್ಯುಲಸ್. ನಮ್ಮ ಡಬ್ಬಿಯಲ್ಲೂ ಒಂದು ಸಿಕ್ಕಿತು. ಇಷ್ಟು ವರ್ಷ ಎರಡು ಜಾತಿ ಬೆರೆಸಿ ಚೌಕಾಬಾರ ಆಡಿದ್ದೇವೆ.