ಲಿನಕ್ಸ್ ಮಿಂಟ್ ಹೊಸಬರಿಗೆ ಹೊಂದುವುದೇ: ಅಳೆದು ನೋಡುವ ಬಗೆ

ಒಂದು ಆಪರೇಟಿಂಗ್ ಸಿಸ್ಟಂ ಹೊಸಬರಿಗೆ ಸುಲಭವೇ ಎಂದು ಯಾರಾದರೂ ಕೇಳಿದರೆ, ಮೆನು ಎಲ್ಲಿದೆ, ನೋಡಲು ವಿಂಡೋಸ್‌ನಂತಿದೆಯೇ ಎಂಬುದನ್ನಷ್ಟೇ ಗಮನಿಸಿ ಉತ್ತರ ಕೊಡುವುದು ರೂಢಿ. ಈ ಅಳತೆಗೋಲು ಸಾಲದೆಂದು ನನ್ನ ಅನುಭವ. ಕಲಿಯುವವರು ತಪ್ಪು ಮಾಡಿಯೇ ಮಾಡುತ್ತಾರೆ. ತಪ್ಪಾದ ಮೇಲೆ ಕಂಪ್ಯೂಟರನ್ನು ಮೊದಲಿನ ಸ್ಥಿತಿಗೆ ತರಲು ಎಷ್ಟು ಕಷ್ಟಪಡಬೇಕು ಎಂಬುದನ್ನೇ ಮೊದಲು ನೋಡಬೇಕು. ಈ ಟಿಪ್ಪಣಿಯಲ್ಲಿ, ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಮಿಂಟನ್ನು ಆ ದೃಷ್ಟಿಯಿಂದಲೇ ಪರಿಶೀಲಿಸಿದ್ದೇನೆ.

ಕ್ಲೆಮೆಂಟ್ ಲೆಫೆಬ್ರ್ 2006ರಲ್ಲಿ ಆರಂಭಿಸಿದ ಮಿಂಟ್‌ನ ಮುಖ್ಯ ಆವೃತ್ತಿಗಳು ಉಬುಂಟು ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಯ ದೀರ್ಘಾವಧಿ ಬೆಂಬಲದ ಆವೃತ್ತಿಗಳನ್ನು ಆಧರಿಸಿವೆ. 2024ರ ಜುಲೈನಲ್ಲಿ ಬಂದ 22ನೇ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್‌ಗಳು ದೊರೆಯುತ್ತವೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದೆ ವಿಂಡೋಸ್ 11ಕ್ಕೆ ಅರ್ಹವಾಗದ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡಿರುವವರಿಗೆ ಈ ವಿಚಾರ ಇನ್ನಷ್ಟು ಹತ್ತಿರದ್ದು. ಕನಿಷ್ಠ 2 ಜಿಬಿ ರ‍್ಯಾಮ್ ಇದ್ದರೆ ಮಿಂಟ್ ನಡೆಯುತ್ತದೆ; ನೆಮ್ಮದಿಯ ಬಳಕೆಗೆ 4 ಜಿಬಿ ಬೇಕು.

ಇನ್‌ಸ್ಟಾಲ್ ಮಾಡುವ ಮೊದಲೇ ಪೆನ್‌ಡ್ರೈವ್‌ನಿಂದ ಮಿಂಟನ್ನು ಚಾಲೂ ಮಾಡಿ ನೋಡಬಹುದು. ಇನ್‌ಸ್ಟಾಲ್ ಆಯ್ಕೆಯನ್ನು ಒತ್ತದಿದ್ದರೆ ಹಾರ್ಡ್‌ಡಿಸ್ಕಿನಲ್ಲಿರುವುದು ಇದ್ದಂತೆಯೇ ಉಳಿಯುತ್ತದೆ. ಈ ಅವಧಿಯಲ್ಲಿ ವೈಫೈ ಸೇರುತ್ತದೆಯೇ, ಧ್ವನಿ ಬರುತ್ತದೆಯೇ, ಮುಚ್ಚಳ ಮುಚ್ಚಿ ತೆರೆದಾಗ ಪರದೆ ಮರಳುತ್ತದೆಯೇ, ಪ್ರಿಂಟರಿನಿಂದ ಒಂದು ಪುಟ ಹೊರಬರುತ್ತದೆಯೇ ಎಂದು ನೋಡಿಕೊಳ್ಳಿರಿ. ಡೌನ್‌ಲೋಡ್ ಮಾಡಿದ ಐಎಸ್‌ಒ ಕಡತದ (ಪೆನ್‌ಡ್ರೈವ್‌ಗೆ ಬರೆಯುವ ಮಿಂಟ್‌ನ ಪೂರ್ಣ ಪ್ರತಿ) ಚೆಕ್‌ಸಮ್ ಅನ್ನು, ಅಂದರೆ ಕಡತ ಬದಲಾಗಿಲ್ಲವೆಂದು ತಿಳಿಸುವ ಗುರುತು-ಸಂಖ್ಯೆಯನ್ನು, ತಾಳೆ ನೋಡುವ ಕೆಲಸವನ್ನು ದಯವಿಟ್ಟು ಬಿಡಬೇಡಿ. 2016ರ ಫೆಬ್ರುವರಿಯಲ್ಲಿ ಮಿಂಟ್‌ನ ಜಾಲತಾಣಕ್ಕೇ ಕನ್ನ ಹಾಕಿದವರು, ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಇದ್ದ ನಕಲಿ ಐಎಸ್‌ಒ ಕಡೆಗೆ ತಿರುಗಿಸಿದ್ದರು.

ಮಿಂಟನ್ನು ನಾನು ಕಲಿಯುವವರಿಗೆ ಧೈರ್ಯವಾಗಿ ಹೇಳುವುದು ಮುಖ್ಯವಾಗಿ ಟೈಮ್‌ಶಿಫ್ಟ್ ಎಂಬ ತಂತ್ರಾಂಶದಿಂದಾಗಿ. ಅದು ಸಿಸ್ಟಂ ಕಡತಗಳ ಒಂದು ಕ್ಷಣದ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಉಳಿಸುತ್ತದೆ. ಮೊದಲ ಸಲ ಎಲ್ಲವನ್ನೂ ನಕಲು ಮಾಡುವುದರಿಂದ ಹಲವು ಜಿಬಿ ಜಾಗ ಹಿಡಿಯುತ್ತದೆ. ಮುಂದಿನ ಸಲ ಬದಲಾದ ಕಡತಗಳಿಗೆ ಮಾತ್ರ ಹೊಸ ಜಾಗ ತೆಗೆದುಕೊಂಡು, ಬದಲಾಗದವನ್ನು ಹಳೆಯ ನಕಲಿಗೇ ಜೋಡಿಸುತ್ತದೆ. ಒಮ್ಮೆ ನಾನು ಗ್ರಾಫಿಕ್ಸ್ ಡ್ರೈವರ್ ಬದಲಿಸಿ ರೀಸ್ಟಾರ್ಟ್ ಮಾಡಿದಾಗ ಎದುರಿಗಿದ್ದದ್ದು ಬರಿಯ ಕಪ್ಪು ಪರದೆ. ಅದೇ ಪೆನ್‌ಡ್ರೈವ್‌ನಿಂದ ಮಿಂಟ್ ಚಾಲೂ ಮಾಡಿ, ಟೈಮ್‌ಶಿಫ್ಟ್ ತೆರೆದು, ಹಿಂದಿನ ದಿನದ ಸ್ನ್ಯಾಪ್‌ಶಾಟನ್ನು ಆರಿಸಿ ಮರಳಿಸಿದೆ. ರೀಸ್ಟಾರ್ಟ್ ಆದಾಗ ಪರಿಚಿತ ಡೆಸ್ಕ್‌ಟಾಪ್ ಕಾಣಿಸಿತು. ಅಂದಿನಿಂದ ಅಪ್‌ಡೇಟ್ ಮಾಡುವುದಕ್ಕೆ ಹೆದರಿದ್ದಿಲ್ಲ.

ಆದರೆ ಇಲ್ಲಿ ಹಲವರು ಎಡವುತ್ತಾರೆ. ಟೈಮ್‌ಶಿಫ್ಟ್ ತಾನಾಗಿ ಹೋಮ್ ಫೋಲ್ಡರನ್ನು ಉಳಿಸುವುದಿಲ್ಲ, ಅಂದರೆ ನಿಮ್ಮ ಫೋಟೋ, ಪತ್ರ, ಪ್ರಬಂಧಗಳು ಅದರಲ್ಲಿ ಇರುವುದಿಲ್ಲ. ಸ್ನ್ಯಾಪ್‌ಶಾಟ್‌ಗಳು ಅದೇ ಡಿಸ್ಕಿನಲ್ಲಿದ್ದರೆ ಡಿಸ್ಕ್ ಕೆಟ್ಟ ದಿನ ಅವೂ ಹೋಗುತ್ತವೆ. ಸ್ವಂತ ಕಡತಗಳಿಗೆ ಬೇರೆ ಡ್ರೈವ್‌ನಲ್ಲಿ ಬೇರೆಯೇ ಬ್ಯಾಕಪ್ ಇರಲೇಬೇಕು.

ಮಿಂಟ್ ಹೊಂದದ ಕಡೆಗಳೂ ಇವೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಫೋಟೋಶಾಪ್‌ನಲ್ಲಿ ಕೆಲಸ ಮಾಡುವವರು ಆ ತಂತ್ರಾಂಶಗಳು ಲಿನಕ್ಸ್‌ಗೆ ಬರುವುದಿಲ್ಲ ಎಂಬುದನ್ನು ಮರೆಯಬಾರದು; ಅವರಿಗೆ ವಿಂಡೋಸ್, ಮಿಂಟ್ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುವುದು ವಾಸಿ.

ಕನ್ನಡದ ಮಟ್ಟಿಗೆ ಸ್ಥಿತಿ ಚೆನ್ನಾಗಿಯೇ ಇದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನ ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡದ ‘ಕಗಪ’ ವಿನ್ಯಾಸವನ್ನು ಸೇರಿಸಿಕೊಂಡರೆ, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬೆರಳು ಪಳಗಿದವರು ಹೊಸದಾಗಿ ಕಲಿಯಬೇಕಾದದ್ದು ಅಷ್ಟಾಗಿ ಇರುವುದಿಲ್ಲ: ಕೆ, ಎನ್, ಎಫ್, ಎನ್, ಡಬ್ಲ್ಯು ಕೀಲಿಗಳನ್ನು ಒಂದಾದ ಮೇಲೊಂದು ಒತ್ತಿದರೆ ‘ಕನ್ನಡ’ ಮೂಡುತ್ತದೆ, ನಡುವಿನ ಎಫ್ ಒತ್ತಕ್ಷರವನ್ನು ತರುತ್ತದೆ. ಬಳಿಕ ‘ರಾಷ್ಟ್ರ’, ‘ಅರ್ಕ’ ಎಂದು ಬರೆದು ಒತ್ತು ಮತ್ತು ಅರ್ಕಾವತ್ತು ಸರಿಯಾಗಿ ಕೂರುತ್ತವೆಯೇ ನೋಡಿರಿ. ರೂಪ ಹಿಡಿಸದಿದ್ದರೆ ಗುಬ್ಬಿ, ನವಿಲು ಫಾಂಟ್‌ಗಳನ್ನು ಹಾಕಿಕೊಳ್ಳಬಹುದು. ನಿಜವಾದ ತೊಡಕು ಯೂನಿಕೋಡ್‌ಗೆ (ಎಲ್ಲ ಯಂತ್ರಗಳಲ್ಲೂ ಅಕ್ಷರಗಳನ್ನು ಒಂದೇ ಬಗೆಯಲ್ಲಿ ಗುರುತಿಸುವ ಪದ್ಧತಿ) ಮುಂಚಿನ ‘ನುಡಿ’ ಮತ್ತು ‘ಬರಹ’ ತಂತ್ರಾಂಶಗಳ ಕಡತಗಳದ್ದು: ಆ ಫಾಂಟ್‌ಗಳಿಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತವೆ. ಆದ್ದರಿಂದ ವಿಂಡೋಸ್ ಇನ್ನೂ ಇರುವಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಪ್ರತಿಯೊಂದರಲ್ಲೂ ಒಂದೆರಡು ಪುಟ ಓದಿ ನೋಡಿ, ಬೇರೆ ಡ್ರೈವ್‌ಗೆ ತೆಗೆದಿಟ್ಟ ನಂತರವೇ ಇನ್‌ಸ್ಟಾಲ್ ಗುಂಡಿಯನ್ನು ಒತ್ತಿರಿ.